ಒಂದು ಪದಕ್ಕೆ ಹತ್ತು ಕಾಳು ಅಕ್ಕಿ

ಇಂಗ್ಲಿಷ್ ಕಲಿಯಬೇಕೆನ್ನುವ ಹೆಂಗಸರಿಗೆ ಸಲಹೆ ಕೊಡುವವರಿಗೆ ಯಾವ ಕಾಲದಲ್ಲೂ ಬರಗಾಲ ಬಂದಿಲ್ಲ. ಒಂದು ಕಾಲದಲ್ಲಿ ‘ದಿನಕ್ಕೆ ಹತ್ತು ಶಬ್ದ ಬಾಯಿಪಾಠ ಮಾಡಿ’ ಎನ್ನುತ್ತಿದ್ದರು. ಆಮೇಲೆ ‘ಮನೆಗೆ ಇಂಗ್ಲಿಷ್ ಪೇಪರು ತರಿಸಿ’ ಎಂದರು. ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಾಳೆಗೊನೆಯ ಪಕ್ಕದಲ್ಲೇ ನೇತಾಡುತ್ತಿದ್ದವು. ಈಗ ಬಂದಿರುವ ಸಲಹೆ ಇವೆಲ್ಲಕ್ಕಿಂತ ಸಿಹಿಯಾದದ್ದು: ‘ಮೊಬೈಲಿನಲ್ಲಿ ಪದದಾಟಗಳಿವೆಯಲ್ಲ, ಆಡುತ್ತಾ ಇರಿ, ಇಂಗ್ಲಿಷ್ ತಾನಾಗಿಯೇ ಬರುತ್ತದೆ.’ ಹೀಗೆ ಹೇಳುವವರು ಸಾಮಾನ್ಯವಾಗಿ ಮಗನೋ ಸೊಸೆಯೋ ಆಗಿರುತ್ತಾರೆ. ಆಟವನ್ನು ಮೊಬೈಲಿಗೆ ಹಾಕಿಯೂ ಕೊಡುತ್ತಾರೆ. ಆಮೇಲೆ ಅದು ಏನಾಯಿತೆಂದು ಕೇಳುವುದಿಲ್ಲ.

ಕಥೆ, ಕಾದಂಬರಿ, ನಾಟಕ, ಸಿನಿಮಾ ಇವಕ್ಕೆಲ್ಲ ನಮ್ಮಲ್ಲಿ ವಿಮರ್ಶೆಯಿದೆ. ಹೊಸ ಹೋಟೆಲಿನ ದೋಸೆಗೂ ಇದೆ. ಆದರೆ ಲಕ್ಷಾಂತರ ಜನ ದಿನಾ ಬೆಳಗಾದರೆ ಕೈಗೆತ್ತಿಕೊಳ್ಳುವ ಈ ಆಟಗಳನ್ನು ಯಾರೂ ವಿಮರ್ಶೆಯ ಕಣ್ಣಿನಿಂದ ನೋಡುವುದಿಲ್ಲ. ಆಟವೂ ಒಬ್ಬರು ಕೂತು ಯೋಚಿಸಿ ಮಾಡಿದ ಕೃತಿಯೇ. ಅದನ್ನು ಮಾಡಿದವರ ಮನಸ್ಸಿನಲ್ಲಿ ಒಬ್ಬ ಆಟಗಾರನ ಕಲ್ಪನೆ ಇದ್ದೇ ಇರುತ್ತದೆ. ಆ ಆಟಗಾರ ಯಾರು, ನಮ್ಮ ಊರಿನ ಹೆಂಗಸು ಅವನ ಜಾಗದಲ್ಲಿ ಕೂತರೆ ಏನಾಗುತ್ತದೆ ಎಂದು ಕೇಳಿನೋಡಬೇಕಲ್ಲವೆ? ಕೆಲವು ವರ್ಷಗಳಿಂದ ಮಧ್ಯಾಹ್ನದ ಹೊತ್ತು ನಾಲ್ಕೈದು ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಾ ಬಂದಿರುವುದರಿಂದ ಈ ಆಟಗಳನ್ನು ಅವರ ಜೊತೆ ಕೂತು ಆಡಿನೋಡುವ ಅವಕಾಶ ನನಗೆ ಸಿಕ್ಕಿತು. ಸಂತೋಷವೂ ಆಯಿತು, ಸಿಟ್ಟೂ ಬಂತು.

ನನ್ನಲ್ಲಿಗೆ ಬರುವವರು ಐದು ಜನ. ಒಬ್ಬರಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮೊಮ್ಮಗನ ಜೊತೆ ಮಾತಾಡಬೇಕು. ಅವನಿಗೆ ಕನ್ನಡದಲ್ಲಿ ‘ಅಜ್ಜಿ’, ‘ಬೇಡ’, ‘ಸಾಕು’ ಬಿಟ್ಟರೆ ಬೇರೆ ಬಾರದು. ಇನ್ನೊಬ್ಬರು ಗಂಡ ತೀರಿಕೊಂಡ ಮೇಲೆ ಬ್ಯಾಂಕು, ಪಿಂಚಣಿ, ವಿಮೆಯ ಕಾಗದಪತ್ರಗಳನ್ನೆಲ್ಲ ತಾವೇ ನೋಡಿಕೊಳ್ಳಬೇಕಾಗಿ ಬಂದವರು. ಇಬ್ಬರಿಗೆ ಮಕ್ಕಳ ಶಾಲೆಯ ಮೀಟಿಂಗಿನಲ್ಲಿ ಹಿಂದಿನ ಬೆಂಚಿನಲ್ಲಿ ಮುದುಡಿ ಕೂತು ಸಾಕಾಗಿದೆ. ಐದನೆಯವರನ್ನು ಯಾಕೆ ಕಲಿಯುತ್ತೀರಿ ಎಂದರೆ ‘ಸುಮ್ಮನೆ’ ಎನ್ನುತ್ತಾರೆ. ಈ ಐದನೆಯ ಕಾರಣದ ಮೇಲೆ ನನಗೆ ವಿಶೇಷ ಗೌರವ.

ನಾವು ಮೊದಲು ಹಿಡಿದ ಆಟ ‘ಫ್ರೀ ರೈಸ್’. ಹೆಸರೇ ಅಕ್ಕಿಯದಾದ್ದರಿಂದ ಅದಕ್ಕೆ ಮೊದಲ ಮರ್ಯಾದೆ. ಅಮೆರಿಕದ ಜಾನ್ ಬ್ರೀನ್ ಎಂಬ ಕಂಪ್ಯೂಟರ್ ತಜ್ಞರು 2007ರ ಅಕ್ಟೋಬರಿನಲ್ಲಿ ಇದನ್ನು ಇಂಟರ್ನೆಟ್ಟಿಗೆ ತಂದರು. ಕಾಲೇಜು ಸೇರುವ ಮುನ್ನ ಅಲ್ಲಿಯ ಹುಡುಗರು ಬರೆಯುವ ‘ಸ್ಯಾಟ್’ ಪರೀಕ್ಷೆಗೆ ಅವರ ಮಗ ಓದುತ್ತಿದ್ದನಂತೆ. ಅವನಿಗೆ ಕಷ್ಟದ ಪದಗಳನ್ನು ಕಲಿಸುವ ಯೋಚನೆಯಿಂದ ಹುಟ್ಟಿದ ಆಟವಿದು. ಪರದೆಯ ಮೇಲೆ ಒಂದು ಇಂಗ್ಲಿಷ್ ಪದ, ಕೆಳಗೆ ನಾಲ್ಕು ಅರ್ಥ. ಸರಿಯಾದದ್ದನ್ನು ಮುಟ್ಟಿದರೆ ಹಸಿದವರಿಗೆ 10 ಕಾಳು ಅಕ್ಕಿ ಹೋಗುತ್ತದೆ. ಹಣ ಕೊಡುವವರು ಜಾಹೀರಾತುದಾರರು, ಅಕ್ಕಿ ತಲುಪಿಸುವುದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ. ಶುರುವಾದ ದಿನ ಒಟ್ಟಾದದ್ದು 830 ಕಾಳು, ಅಂದರೆ ದೊಡ್ಡ ಚಮಚದಲ್ಲಿ ಒಂದು ಚಮಚ. ಕೆಲವೇ ತಿಂಗಳಲ್ಲಿ ಅದು ಕೋಟಿಗಟ್ಟಲೆ ಕಾಳಾಯಿತು. 2009ರಲ್ಲಿ ಬ್ರೀನ್ ಆಟವನ್ನೇ ಆ ಸಂಸ್ಥೆಗೆ ದಾನ ಮಾಡಿಬಿಟ್ಟರು.

‘ಹತ್ತೇ ಕಾಳಾ ಅಕ್ಕಾ? ಕೈಗೆ ಅಂಟಿಕೊಂಡೇ ಅಷ್ಟು ಉದುರತ್ತೆ’ ಎಂದರು ನಮ್ಮ ಐವರಲ್ಲಿ ಒಬ್ಬರು. ಕೂಡಲೇ ಲೆಕ್ಕ ಶುರುವಾಯಿತು. ದಪ್ಪ ಅಕ್ಕಿಯಾದರೆ ಒಂದು ಗ್ರಾಮಿಗೆ ಸುಮಾರು 50 ಕಾಳು ಬರುತ್ತದೆ. ಸಣ್ಣಕ್ಕಿಯಾದರೆ ಇನ್ನೂ ಹೆಚ್ಚು. ಒಂದು ಪಾವು ಎಂದರೆ 200 ಗ್ರಾಂ ಹಿಡಿಯಿರಿ. ಹಾಗಾದರೆ ಒಂದು ಪಾವು ಅಕ್ಕಿಗೆ 1000 ಪದ ಸರಿ ಹೇಳಬೇಕು. ‘ಒಬ್ಬರ ಒಂದು ದಿನದ ಊಟಕ್ಕೆ ಎರಡು ಸಾವಿರ ಪದ ಆಗಬಹುದು’ ಎಂದು ತೀರ್ಮಾನವಾಯಿತು. ಆಟವನ್ನು ಅಕ್ಕಿಯ ಕಡೆಯಿಂದ ನೋಡುವ ಈ ದೃಷ್ಟಿ ಅದನ್ನು ಮಾಡಿದವರಿಗೂ ಹೊಳೆದಿತ್ತೋ ಇಲ್ಲವೋ. ಆದರೆ ನಮ್ಮವರು ಹಟ ಹಿಡಿದು ಆಡಿದ್ದು ಆ ಅಕ್ಕಿಗಾಗಿಯೇ. ಮನೆಕೆಲಸ ಬಿಟ್ಟು ಆಡುತ್ತಾ ಕೂತರೆ ಹೆಂಗಸರಿಗೆ ಒಳಗೊಳಗೇ ಒಂದು ಅಳುಕಿರುತ್ತದಲ್ಲ, ಅದನ್ನು ಈ ಹತ್ತು ಕಾಳು ಓಡಿಸಿಬಿಡುತ್ತದೆ. ಇದು ದೊಡ್ಡ ಗುಣ.

ಇನ್ನೊಂದು ಗುಣವನ್ನೂ ಹೇಳಬೇಕು. ತಪ್ಪಿದ ಪದವನ್ನು ಈ ಆಟ ಮರೆಯುವುದಿಲ್ಲ; ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಂದು ಮುಂದಿಡುತ್ತದೆ. ಮನುಷ್ಯ ಕಲಿತದ್ದನ್ನು ಮೊದಮೊದಲು ಭರಭರನೆ, ಆಮೇಲೆ ನಿಧಾನವಾಗಿ ಮರೆಯುತ್ತಾನೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸಿದರೆ ಪದ ನಿಲ್ಲುತ್ತದೆ. ನಮ್ಮ ಮೇಷ್ಟ್ರುಗಳು ಸಂಜೆ ಹೊತ್ತು ಮಗ್ಗಿ ಹೇಳಿಸುತ್ತಿದ್ದದ್ದೂ ಇದೇ ಲೆಕ್ಕದ ಮೇಲೆ.

ಇನ್ನು ದೋಷಗಳು. ಸಾಲಾಗಿ ಮೂರು ಸರಿ ಹೇಳಿದರೆ ಆಟ ಒಂದು ಮೆಟ್ಟಿಲು ಮೇಲೇರುತ್ತದೆ, ತಪ್ಪಿದರೆ ಇಳಿಯುತ್ತದೆ. ಕೆಳಗಿನ ಮೆಟ್ಟಿಲುಗಳಲ್ಲಿ ಪರಿಚಯದ ಪದಗಳೇ ಸಿಗುತ್ತವೆ. ಸ್ವಲ್ಪ ಮೇಲಕ್ಕೆ ಹೋದಿರೋ, ಲ್ಯಾಟಿನ್ ಗ್ರೀಕ್ ಮೂಲದ, ಇಂಗ್ಲಿಷರೇ ವರ್ಷಕ್ಕೊಮ್ಮೆ ಬಳಸಿದರೆ ಹೆಚ್ಚು ಎನ್ನುವಂಥ ಪದಗಳು ಬಂದು ನಿಲ್ಲುತ್ತವೆ. ಹುಡುಗನ ಪರೀಕ್ಷೆಗೆ ಅವು ಬೇಕಿದ್ದವು. ತಮಾಷೆಯೆಂದರೆ ಆ ಸ್ಯಾಟ್ ಪರೀಕ್ಷೆಯೇ 2016ರಲ್ಲಿ ಅಂಥ ಅಪರೂಪದ ಪದಗಳನ್ನು ಕೇಳುವುದನ್ನು ಬಿಟ್ಟುಬಿಟ್ಟಿತು. ಮೇಲೇರಿದಷ್ಟೂ ಜಾಣತನ ಎನ್ನುವ ಭ್ರಮೆಯನ್ನು ಮಾತ್ರ ಆಟ ಹುಟ್ಟಿಸುತ್ತದೆ. ಮೊಮ್ಮಗನ ಜೊತೆ ಮಾತಾಡಬೇಕಾದ ಅಜ್ಜಿ ಆ ಏಣಿ ಹತ್ತಿ ತರುವುದೇನು?

ಇಲ್ಲಿ ಮೈಕೇಲ್ ವೆಸ್ಟ್ ಎಂಬಾತನನ್ನು ನೆನೆಯಬೇಕು. ಇಂಗ್ಲೆಂಡಿನವನಾದರೂ ಅವನು ಕೆಲಸ ಮಾಡಿದ್ದು ಅಂದಿನ ಬಂಗಾಳದ ಢಾಕಾದಲ್ಲಿ, ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾ. ಬಂಗಾಳಿ ಹುಡುಗರ ಕೈಗೆ ಕೊಟ್ಟ ಇಂಗ್ಲಿಷ್ ಪುಸ್ತಕಗಳ ತುಂಬ ಯಾರೂ ಆಡದ ಪದಗಳಿರುವುದನ್ನು ಕಂಡು, 1920ರ ದಶಕದಲ್ಲಿ ಅವನು ಬಳಕೆಯ ಪದಗಳನ್ನೇ ಹಾಕಿ ಹೊಸ ಪಾಠಮಾಲೆ ಬರೆದ. ಮುಂದೆ 1953ರಲ್ಲಿ ಅವನ ಹೆಸರಿನಲ್ಲಿ ಹೊರಬಂದ ಪಟ್ಟಿಯಲ್ಲಿದ್ದದ್ದು ಸುಮಾರು 2000 ಪದಗಳು. ಆ ಎರಡು ಸಾವಿರ ಗಟ್ಟಿಯಾದರೆ ಸಾಧಾರಣ ಇಂಗ್ಲಿಷ್ ಬರವಣಿಗೆಯಲ್ಲಿ ನೂರಕ್ಕೆ ಸುಮಾರು 80 ಪದಗಳು ಪರಿಚಯದವೇ ಆಗಿರುತ್ತವೆ. ಕಲಿಯುವವಳಿಗೆ ಬೇಕಾದದ್ದು ಈ ಎರಡು ಸಾವಿರವನ್ನು ಉದ್ದಗಲಕ್ಕೆ ಬಳಸುವ ಧೈರ್ಯ. ಫ್ರೀ ರೈಸ್ ಅವುಗಳನ್ನು ಕೆಳಗಿನ ಮೆಟ್ಟಿಲಿನಲ್ಲಿ ಬಿಟ್ಟು ಮೇಲಕ್ಕೆ ಓಡುತ್ತದೆ.

ಅದಕ್ಕಿಂತ ದೊಡ್ಡ ಕೊರತೆ ಬೇರೆಯದು. ಅದು ಪದವನ್ನು ಒಂಟಿಯಾಗಿ ತಂದು ನಿಲ್ಲಿಸುತ್ತದೆ, ಹಿಂದೆ ಮುಂದೆ ಯಾರೂ ಇಲ್ಲದೆ. ಒಂದು ಉದಾಹರಣೆ ಹೇಳುತ್ತೇನೆ. ಬ್ಯಾಂಕಿನ ಕೆಲಸಕ್ಕೆ ಓಡಾಡುವ ನಮ್ಮ ಗೆಳತಿಗೆ ‘ಮೆಚ್ಯೂರ್’ ಎಂಬ ಪದ ಮೊದಲಿನಿಂದಲೂ ಗೊತ್ತು. ನಮ್ಮ ಕಡೆ ಹುಡುಗಿ ದೊಡ್ಡವಳಾದಾಗ ‘ಮೆಚ್ಯೂರ್ ಆದಳು’ ಎನ್ನುವುದಿಲ್ಲವೆ, ಹಾಗೆ. ಆಟದಲ್ಲಿ ಆ ಪದಕ್ಕೆ ‘ಪೂರ್ತಿ ಬೆಳೆದ’ ಎನ್ನುವಂಥ ಅರ್ಥವನ್ನು ಆಕೆ ಸರಿಯಾಗಿಯೇ ಮುಟ್ಟಿ ಹತ್ತು ಕಾಳು ಗಳಿಸಿದರು. ಆದರೆ ಬ್ಯಾಂಕಿನ ಗುಮಾಸ್ತೆ ‘ನಿಮ್ಮ ಯಜಮಾನರ ಡೆಪಾಸಿಟ್ಟು ಮೆಚ್ಯೂರ್ ಆಗಿದೆ’ ಎಂದಾಗ, ಅಷ್ಟು ದುಃಖದ ನಡುವೆಯೂ ನಗು ಬಂದುಬಿಟ್ಟಿತಂತೆ. ಡೆಪಾಸಿಟ್ಟಿಗೆ ಆರತಿ ಎತ್ತಬೇಕೇನೋ ಎಂದುಕೊಂಡರಂತೆ. ಪದ ಗೊತ್ತಿತ್ತು, ಅರ್ಥವೂ ಗೊತ್ತಿತ್ತು. ಡೆಪಾಸಿಟ್ಟಿನ ಪಕ್ಕದಲ್ಲಿ ಅದು ಕೂತಾಗ ‘ಅವಧಿ ಮುಗಿದಿದೆ, ಹಣ ತೆಗೆದುಕೊಳ್ಳಬಹುದು’ ಎಂದಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಅದನ್ನು ತಿಳಿಯಬೇಕಾದರೆ ಪದವನ್ನು ಅದರ ನೆರೆಹೊರೆಯ ಸಮೇತ ನೋಡಬೇಕು. ಹೆಣ್ಣು ನೋಡಲು ಬಂದವರು ಹುಡುಗಿಯ ಫೋಟೋ ನೋಡಿ ಹೋದರೆ ಸಾಕೆ, ಮನೆ ಮಂದಿಯನ್ನೂ ನೋಡಬೇಡವೆ?

ಅಲ್ಲದೆ, ನಮ್ಮ ಹೆಂಗಸರು ಬರಿಗೈಯಲ್ಲಿ ಬಂದವರಲ್ಲ ಎಂಬುದು ಈ ಆಟಗಳಿಗೆ ಗೊತ್ತೇ ಇಲ್ಲ. ಕುಕ್ಕರು, ಸ್ವಿಚ್ಚು, ಗ್ಯಾಸು, ರೇಷನ್ ಕಾರ್ಡು, ಡ್ಯೂಟಿ, ಟೆನ್ಶನ್, ಅಡ್ಜಸ್ಟು, ಬಿ.ಪಿ., ಶುಗರ್, ಸ್ಕ್ಯಾನಿಂಗು... ಒಂದು ದಿನ ಕೂತು ಬರೆದೆವು. ಕಾಫಿ ಮುಗಿಯುವುದರೊಳಗೆ ಇನ್ನೂರು ದಾಟಿತು. ಕೆಲವು ಇಲ್ಲಿಗೆ ಬಂದ ಮೇಲೆ ಗೋತ್ರ ಬದಲಾಯಿಸಿಕೊಂಡಿವೆ. ‘ಕರೆಂಟು ಹೋಯಿತು’ ಎಂದರೆ ಇಂಗ್ಲಿಷಿನವನಿಗೆ ಯಾವ ನದಿಯ ಸೆಳೆತವೋ ಎನಿಸೀತು. ತಿಂಡಿ ತಿನ್ನುವ ನಮ್ಮ ಹೋಟೆಲು ಅವನಿಗೆ ರಾತ್ರಿ ಮಲಗುವ ಜಾಗ. ಆದರೂ ಇದೆಲ್ಲ ಕೈಯಲ್ಲಿರುವ ಬಂಡವಾಳ. ಇದನ್ನು ಒರೆಸಿ ತೊಳೆದು ಬಳಸಲು ಕಲಿಸುವ ಒಂದು ಆಟವನ್ನು ಯಾರಾದರೂ ಮಾಡಬಾರದಿತ್ತೆ? ನಮ್ಮ ಬೆಂಗಳೂರಿನಲ್ಲಿ ಕಂಪ್ಯೂಟರ್ ಬಲ್ಲವರಿಗೇನು ಕಡಿಮೆಯೆ?

ಎರಡನೆಯ ಆಟ ‘ವರ್ಡಲ್’. ಶಾಲೆಗೆ ಹೋಗುವ ಮಕ್ಕಳಿಂದ ಹಿಡಿದು ನಿವೃತ್ತರವರೆಗೆ ಬಹಳ ಜನ ಇದನ್ನು ಆಡಿದ್ದಾರೆ. ಐದು ಅಕ್ಷರದ ಒಂದು ಪದವನ್ನು ಆರು ಸಲದೊಳಗೆ ಊಹಿಸಬೇಕು. ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಮನೆ ತಪ್ಪಿದ್ದರೆ ಹಳದಿ, ಇಲ್ಲವೇ ಇಲ್ಲವೆಂದರೆ ಬೂದು. ನ್ಯೂಯಾರ್ಕಿನಲ್ಲಿದ್ದ ಜೋಶ್ ವಾರ್ಡಲ್ ಇದನ್ನು ಮಾಡಿದ್ದು ಪದದಾಟಗಳೆಂದರೆ ಪ್ರಾಣವಾಗಿದ್ದ ತನ್ನ ಸಂಗಾತಿ ಪಲಕ್ ಶಾ ಅವರಿಗಾಗಿ. ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು ಸುಮಾರು 12,000 ಇವೆಯಂತೆ. ಅಷ್ಟನ್ನೂ ಇಟ್ಟರೆ ಆಟ ಕೆಡುತ್ತದೆ. ಆದ್ದರಿಂದ ಪಲಕ್ ಒಂದೊಂದನ್ನೇ ನೋಡಿ, ತನಗೆ ಗೊತ್ತು, ಗೊತ್ತಿಲ್ಲ ಎಂದು ವಿಂಗಡಿಸಿ ಪಟ್ಟಿಯನ್ನು ಸುಮಾರು 2500ಕ್ಕೆ ಇಳಿಸಿದರು. 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದ ಈ ಆಟವನ್ನು 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೊಂಡುಕೊಂಡಿತು.

ನನಗೆ ಈ ಕಥೆಯಲ್ಲಿ ತುಂಬ ಹಿಡಿಸಿದ್ದು ಆ ಪಟ್ಟಿ. ಅಕ್ಕಿ ಆರಿಸುವ ಹಾಗೆ ಹನ್ನೆರಡು ಸಾವಿರ ಪದಗಳನ್ನು ಮೊರದಲ್ಲಿ ಹಾಕಿಕೊಂಡು ಆರಿಸಿದ ಒಬ್ಬ ಹೆಣ್ಣುಮಗಳ ಇಂಗ್ಲಿಷು ಇಡೀ ಜಗತ್ತಿನ ಬೆಳಗಿನ ಆಟವಾಯಿತು. ಆದರೆ ಅದರ ಅರ್ಥವೇನು ನೋಡಿ. ಈ ಆಟವಿರುವುದೇ ಪಲಕ್ ಅವರಷ್ಟು ಇಂಗ್ಲಿಷ್ ಬಲ್ಲವರಿಗೆ. ಬಲ್ಲ ಪದವನ್ನು ಹೊರತೆಗೆಯುವ ಸುಖ ಅದರಲ್ಲಿದೆ. ಬಾರದ ಪದವನ್ನು ಒಳತರುವ ಬಾಗಿಲು ಅದರಲ್ಲಿಲ್ಲ. ಗೆಲ್ಲಲು ಪದದ ಅರ್ಥ ಗೊತ್ತಿರಬೇಕೆಂದೂ ಇಲ್ಲ. ಹಸಿರು ಹಳದಿ ನೋಡಿಕೊಂಡು ಅಕ್ಷರ ತುಂಬಿ ಗೆದ್ದು, ‘ಅಕ್ಕಾ, ಹಾಗಂದರೇನು?’ ಎಂದು ನನ್ನನ್ನು ಕೇಳಿದವರಿದ್ದಾರೆ. ಇನ್ನು ಕಾಗುಣಿತದ ತಕರಾರು ಬೇರೆ. ‘ಫೇವರ್’, ‘ಹ್ಯೂಮರ್’ ಇವುಗಳನ್ನು ನಾವು ಬ್ರಿಟಿಷರ ಹಾಗೆ ಕೊನೆಯಲ್ಲಿ ಒಂದು ‘ಯು’ ಸೇರಿಸಿ ಆರಕ್ಷರದಲ್ಲಿ ಬರೆಯುತ್ತೇವೆ. ಆಟಕ್ಕೆ ಅವು ಅಮೆರಿಕದವರ ಐದಕ್ಷರದ ಪದಗಳು. 2022ರ ಆರಂಭದಲ್ಲಿ ಇವು ಉತ್ತರವಾಗಿ ಬಂದಾಗ ಬ್ರಿಟನ್ನಿನವರೇ ಗೊಣಗಿದರು ಎಂದ ಮೇಲೆ ನಮ್ಮ ಪಾಡೇನು!

ಒಂದು ಲಾಭವನ್ನು ಮಾತ್ರ ಒಪ್ಪಿಕೊಳ್ಳಬೇಕು. ನುಡಿದಂತೆ ಬರೆಯುವ ಕನ್ನಡದಿಂದ ಹೋದವರಿಗೆ ಇಂಗ್ಲಿಷಿನ ಕಾಗುಣಿತ ಎಂಬುದು ಒಂದು ಅಡವಿ. ‘ನೀ’ ಎಂಬ ಮೊಣಕಾಲಿಗೆ ಮುಂದೊಂದು ‘ಕೆ’ ಯಾಕೆ ಬೇಕು? ವರ್ಡಲ್ ಆಡಿ ಆಡಿ, ಯಾವ ಅಕ್ಷರ ಯಾವುದರ ಹಿಂದೆ ಬರುತ್ತದೆ, ಕೊನೆಯಲ್ಲಿ ಸದ್ದಿಲ್ಲದ ‘ಇ’ ಎಷ್ಟು ಸಲ ಕೂತಿರುತ್ತದೆ ಎಂಬ ಒಂದು ಅಂದಾಜು ನಮ್ಮವರ ಬೆರಳಿಗೆ ಬಂದಿದೆ. ಆದರೆ ಪದದ ರೂಪ ಗೊತ್ತಿರುವುದಕ್ಕೂ ಭಾಷೆ ಬರುವುದಕ್ಕೂ ಎಷ್ಟು ದೂರ ಎನ್ನುವುದಕ್ಕೆ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಸಾಕ್ಷಿ. ಪದ ಜೋಡಿಸುವ ‘ಸ್ಕ್ರ್ಯಾಬಲ್’ ಆಟದಲ್ಲಿ ಈತ 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಚಾಂಪಿಯನ್ ಆದ. ಫ್ರೆಂಚ್ ಮಾತಾಡಲು ಅವನಿಗೆ ಬರುತ್ತಿರಲಿಲ್ಲ. ಒಂಬತ್ತು ವಾರದಲ್ಲಿ ಆಟದ ನಿಘಂಟನ್ನು ನುಂಗಿಕೊಂಡಿದ್ದ, ಅಷ್ಟೆ. 2024ರಲ್ಲಿ ಸ್ಪೇನಿಗೆ ಹೋಗಿ ಸ್ಪ್ಯಾನಿಷ್ ಭಾಷೆಯಲ್ಲೂ ಹೀಗೆಯೇ ಗೆದ್ದುಬಂದ. ಅಂಥ ಪಂಡಿತನಿಗೂ ಪ್ಯಾರಿಸಿನ ಅಂಗಡಿಯಲ್ಲಿ ಅರ್ಧ ಡಜನ್ ಬಾಳೆಹಣ್ಣು ಕೇಳಿ ಚೌಕಾಸಿ ಮಾಡಲು ಬೇರೊಬ್ಬರು ಬೇಕಾಗುತ್ತಿತ್ತು.

ಮೂರನೆಯದು ಹಸಿರು ಗೂಬೆಯ ‘ಡ್ಯುಯೊಲಿಂಗೊ’. ಗೂಬೆ ಮನೆಯೊಳಗೆ ಬಂದದ್ದಕ್ಕೆ ಒಬ್ಬರ ಅತ್ತೆ ತಕರಾರು ತೆಗೆದದ್ದು ಬೇರೆ ಮಾತು. ಗ್ವಾಟೆಮಾಲದಲ್ಲಿ ಹುಟ್ಟಿ ಬೆಳೆದ ಲೂಯಿಸ್ ಫಾನ್ ಆನ್ ಎಂಬ ವಿಜ್ಞಾನಿ ತನ್ನ ಶಿಷ್ಯ ಸೆವೆರಿನ್ ಹ್ಯಾಕರ್ ಜೊತೆ ಸೇರಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಟ್ಟಿದ್ದು. 2012ರಲ್ಲಿ ಎಲ್ಲರಿಗೂ ಸಿಕ್ಕಿತು. ಬಡ ದೇಶಗಳಲ್ಲಿ ಇಂಗ್ಲಿಷೆಂದರೆ ಅನ್ನದ ದಾರಿ ಎಂಬುದು ಆತನಿಗೆ ಚೆನ್ನಾಗಿ ಗೊತ್ತು. ತಾನು ಇಂಗ್ಲಿಷ್ ಪರೀಕ್ಷೆ ಬರೆಯಲು ಪಕ್ಕದ ದೇಶ ಎಲ್ ಸಾಲ್ವಡಾರಿಗೆ ಹೋಗಬೇಕಾಯಿತು ಎಂದು ಆತನೇ ಹೇಳಿಕೊಂಡಿದ್ದಾನೆ. ಇಲ್ಲಿ ಪದಗಳು ವಾಕ್ಯದೊಳಗೆ ಬರುತ್ತವೆ, ಕಿವಿಗೂ ಬೀಳುತ್ತವೆ. ಅಷ್ಟರಮಟ್ಟಿಗೆ ಇದು ಮೊದಲಿನ ಎರಡಕ್ಕಿಂತ ಮೇಲು. ಆದರೆ ಆಟದ ಜೀವವಿರುವುದು ದಿನ ತಪ್ಪದೆ ಆಡಿದ ಲೆಕ್ಕದಲ್ಲಿ. ಹದಿನಾರು ಸೋಮವಾರದ ವ್ರತ ಹಿಡಿದವರ ಹಾಗೆ, ನಡುವೆ ಭಂಗವಾದರೆ ಎಂಬ ಭಯ. ರಾತ್ರಿ ಹನ್ನೊಂದೂಮುಕ್ಕಾಲಿಗೆ ಎದ್ದು ಕೂತು ಗೂಬೆಗೆ ನೈವೇದ್ಯ ಮಾಡಿ ಮಲಗಿದವರು ನಮ್ಮಲ್ಲೇ ಒಬ್ಬರಿದ್ದಾರೆ. ನೂರ ನಲವತ್ತು ದಿನ ತಪ್ಪದೆ ಆಡಿದರು. ಶಾಲೆಯ ಮೀಟಿಂಗಿನಲ್ಲಿ ಟೀಚರು ‘ಎನಿ ಡೌಟ್ಸ್?’ ಎಂದಾಗ ಯಾವತ್ತಿನ ಹಾಗೆ ತಲೆ ಅಲ್ಲಾಡಿಸಿ ಬಂದರು. ಡೌಟು ಇರಲಿಲ್ಲವೆಂದಲ್ಲ, ಮೂರಿದ್ದವು. ಮೂರನ್ನೂ ನನಗೆ ಬಂದು ಕನ್ನಡದಲ್ಲಿ ಹೇಳಿದರು.

ಈ ಆಟಗಳ ಬಗ್ಗೆ ನನ್ನ ಮುಖ್ಯ ತಕರಾರು ಇಲ್ಲಿದೆ. ಆಟ ಯಾಕೆ ಇಷ್ಟವಾಗುತ್ತದೆ? ತಪ್ಪಿದರೆ ಯಾರೂ ನಗುವುದಿಲ್ಲ. ನಮ್ಮಲ್ಲಿ ಇಂಗ್ಲಿಷ್ ಎನ್ನುವುದು ಬರೀ ಭಾಷೆಯಲ್ಲ, ಅದೊಂದು ಪಂಕ್ತಿ; ಯಾರು ಒಳಗೆ ಕೂರಬೇಕು, ಯಾರು ಹೊರಗೆ ಎಂದು ಅದು ತೀರ್ಮಾನಿಸುತ್ತದೆ. ‘ಹಿ’ ಎನ್ನಬೇಕಾದಲ್ಲಿ ‘ಶಿ’ ಎಂದುಬಿಟ್ಟರೆ ಮನೆಯ ಮಕ್ಕಳೇ ಮುಸಿ ಮುಸಿ ನಗುತ್ತಾರೆ. ಆ ನಗೆ ಎಂಥದೆಂದು ಅನುಭವಿಸಿದವರಿಗೆ ಗೊತ್ತು. ಹಾಗಿರುವಾಗ ಮೊಬೈಲು ಒಂದು ಕತ್ತಲೆ ಕೋಣೆಯ ಹಾಗೆ, ಬಾಗಿಲು ಹಾಕಿಕೊಂಡು ಎಷ್ಟು ಸಲ ಬೇಕಾದರೂ ಎಡವಬಹುದು. ಇದು ಸಣ್ಣ ಉಪಕಾರವಲ್ಲ. ಐವತ್ತೈದು ದಾಟಿದ ನಮ್ಮ ಅಜ್ಜಿ ಕಲಿಯುವ ಧೈರ್ಯ ಮಾಡಿದ್ದೇ ಈ ಕೋಣೆಯಿದ್ದುದರಿಂದ. ಆದರೆ ಆ ಕೋಣೆಯಲ್ಲಿ ಕಲಿತ ಪದ ಅಲ್ಲೇ ಉಳಿದುಬಿಡುತ್ತದೆ. ಬೆರಳಿಗೆ ಗೊತ್ತು, ಕಣ್ಣಿಗೆ ಗೊತ್ತು, ನಾಲಗೆಗೆ ಗೊತ್ತಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಮುಟ್ಟುವುದಕ್ಕೂ, ಎದುರಿಗೆ ಒಬ್ಬ ಮನುಷ್ಯ ಕಾಯುತ್ತಿರುವಾಗ ಎಲ್ಲಿಂದಲೋ ಒಂದು ಪದವನ್ನು ಎಳೆದು ತಂದು ಆಡುವುದಕ್ಕೂ ಅಜಗಜಾಂತರ. ಬದುಕಿನಲ್ಲಿ ನಾಲ್ಕು ಉತ್ತರ ಬರೆದು ಕೈಗೆ ಕೊಡುವವರು ಯಾರಿದ್ದಾರೆ?

ಹಾಗಾದರೆ ಪದವನ್ನು ಎಳೆದು ತರಿಸುವ ಆಟವೇ ಇಲ್ಲವೆ? ಇತ್ತು. ವಿಚಿತ್ರವೆಂದರೆ ಅದನ್ನು ಮಾಡಿದ್ದೂ ಗೂಬೆಯ ಆಟದ ಇದೇ ಲೂಯಿಸ್ ಫಾನ್ ಆನ್, ಮತ್ತು ಅದು ಭಾಷೆ ಕಲಿಸಲು ಮಾಡಿದ್ದಲ್ಲ. ಅದರ ಹೆಸರು ‘ಇ.ಎಸ್.ಪಿ. ಗೇಮ್’. ಅವರು ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 2003ರಲ್ಲಿ ಮಾಡಿದ್ದು. ಆಗ ಕಂಪ್ಯೂಟರಿಗೆ ಚಿತ್ರದಲ್ಲಿ ಏನಿದೆ ಎಂದು ತಿಳಿಯುತ್ತಿರಲಿಲ್ಲ. ಮನುಷ್ಯರಿಂದ ಆಟವಾಡಿಸಿ ಚಿತ್ರಗಳಿಗೆ ಹೆಸರು ಬರೆಸಿಕೊಳ್ಳುವುದು ಉದ್ದೇಶ. ಎಲ್ಲೆಲ್ಲೋ ಇರುವ, ಒಬ್ಬರನ್ನೊಬ್ಬರು ಅರಿಯದ ಇಬ್ಬರಿಗೆ ಒಂದೇ ಚಿತ್ರ ಕಾಣಿಸುತ್ತದೆ. ಅವರು ಮಾತಾಡಿಕೊಳ್ಳುವಂತಿಲ್ಲ. ಚಿತ್ರ ನೋಡಿ ತೋಚಿದ ಪದಗಳನ್ನು ಇಬ್ಬರೂ ಬರೆಯುತ್ತಾ ಹೋಗಬೇಕು. ಇಬ್ಬರ ಒಂದು ಪದ ಕೂಡಿದ ಕೂಡಲೆ ಅಂಕ ಬಂದು ಮುಂದಿನ ಚಿತ್ರ. ಎರಡೂವರೆ ನಿಮಿಷದ ಆಟ.

ಇಷ್ಟೇ ಆಗಿದ್ದರೆ ‘ನಾಯಿ’, ‘ಮರ’, ‘ಮನುಷ್ಯ’ ಎಂದು ಬರೆದೇ ಜನ ಗೆಲ್ಲುತ್ತಿದ್ದರು. ಅದಕ್ಕೊಂದು ಉಪಾಯವಿತ್ತು. ಆ ಚಿತ್ರಕ್ಕೆ ಹಿಂದಿನವರು ಕೂಡಿಸಿದ ಪದಗಳನ್ನು ನಿಷೇಧಿಸಿ ಪಕ್ಕದಲ್ಲಿ ಬರೆದಿರುತ್ತಿದ್ದರು. ‘ನಾಯಿ’ ನಿಷಿದ್ಧವಾದರೆ ‘ಬಾಲ’ ಎನ್ನಬೇಕು, ಅದೂ ಹೋದರೆ ‘ಕಾವಲು’, ‘ಕಂದು’, ‘ಓಟ’ ಎಂದು ಹುಡುಕಬೇಕು. ಶಬ್ದಭಂಡಾರ ಬೆಳೆಸುವುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಕಂಡಿಲ್ಲ. ಪದವನ್ನು ನೀವೇ ತರಬೇಕು; ಜೊತೆಗೆ, ಎದುರಿನವನ ತಲೆಯಲ್ಲಿ ಏನು ಬಂದಿರಬಹುದು ಎಂದೂ ಯೋಚಿಸಬೇಕು. ಭಾಷೆಯೆಂದರೆ ಕೊನೆಗೂ ಅದೇ ತಾನೆ? ಇದೇ ಆಟವನ್ನು ಗೂಗಲ್ ಸಂಸ್ಥೆ 2006ರಲ್ಲಿ ತನ್ನದಾಗಿ ನಡೆಸಿ 2011ರಲ್ಲಿ ನಿಲ್ಲಿಸಿತು. ಈಗ ಯಂತ್ರಗಳು ತಾವೇ ಚಿತ್ರ ನೋಡಿ ಹೆಸರು ಹೇಳುತ್ತವೆ. ಯಂತ್ರಕ್ಕೆ ಪದ ಕಲಿಸಿಯಾದ ಮೇಲೆ, ಕಲಿಯುವ ಮನುಷ್ಯರಿಗೆ ಅದು ಉಪಯೋಗವಾದೀತೆಂದು ಯಾರಿಗೂ ತೋಚಲಿಲ್ಲ.

ಎದುರಿನವರ ಮುಂದೆ ಪದ ತರಿಸುವ ಆಟ ನಮ್ಮ ಹೆಂಗಸರಿಗೆ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದ ಮದುವೆ ಮನೆಗಳಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಒಡಪು ಹೇಳಿಸುತ್ತಿದ್ದರಲ್ಲ, ಗಂಡನ ಹೆಸರನ್ನು ಪ್ರಾಸದೊಳಗೆ ಹೆಣೆದು ಹೇಳಿದ ಮೇಲೇ ಒಳಗೆ ಬಿಡುವುದು? ತಲೆ ಎತ್ತದ ಹುಡುಗಿಯೂ ನಾಲ್ಕು ಜನರ ಮುಂದೆ ಬಾಯಿ ಬಿಡಲೇಬೇಕು. ತಡವರಿಸಿದರೆ ನಗುತ್ತಿದ್ದರು, ಆದರೆ ಆ ನಗೆಯಲ್ಲಿ ಹೊರಗೆ ಹಾಕುವ ಭಾವವಿರಲಿಲ್ಲ. ಗೊತ್ತಿಲ್ಲದಿದ್ದರೆ ನಾದಿನಿಯೇ ಕಿವಿಯಲ್ಲಿ ಒಂದು ಒಡಪು ಊದಿ ಕೊಡುತ್ತಿದ್ದಳು.

ಇ.ಎಸ್.ಪಿ. ಆಟವನ್ನು ನಾವು ಕಾಗದದ ಮೇಲೆ ಇಳಿಸಿಕೊಂಡೆವು. ಪತ್ರಿಕೆಯಿಂದ ಕತ್ತರಿಸಿದ ಒಂದು ಸಂತೆಯ ಫೋಟೋ. ಇಬ್ಬರು ಬೆನ್ನಿಗೆ ಬೆನ್ನು ಹಾಕಿ ಕೂತು ಮೂರು ನಿಮಿಷ ಇಂಗ್ಲಿಷ್ ಪದಗಳನ್ನು ಬರೆಯುವುದು, ಕನ್ನಡ ಅಕ್ಷರದಲ್ಲಾದರೂ ಸರಿ. ಆಮೇಲೆ ಎದ್ದು ನಿಂತು ಗಟ್ಟಿಯಾಗಿ ಓದುವುದು. ಕೂಡಿದ್ದಕ್ಕೆ ಅಂಕ, ಕೂಡಿದ ಪದ ಮರುದಿನಕ್ಕೆ ಹಲಗೆಯ ಮೇಲೆ ನಿಷೇಧ. ಮೊದಲ ದಿನವೇ ‘ವೆಜಿಟೆಬಲ್’, ‘ಲೇಡಿ’, ‘ಬ್ಯಾಗ್’, ‘ಮನಿ’ ಹೋದವು. ಎರಡನೆಯ ದಿನ ‘ಬಾಸ್ಕೆಟ್’, ‘ಅಂಬ್ರೆಲಾ’. ಮೂರನೆಯ ದಿನಕ್ಕೆ ಕಣ್ಣಿಗೆ ಕಾಣುವ ಸಾಮಾನುಗಳೆಲ್ಲ ಮುಗಿದು, ಆ ಫೋಟೋದ ಹೆಂಗಸು ಏನು ಮಾಡುತ್ತಿದ್ದಾಳೆ, ಅವಳ ಮನಸ್ಸಿನಲ್ಲೇನಿದೆ ಎಂದು ನೋಡಬೇಕಾಯಿತು. ಆಗ ಬಂದವು ನೋಡ್ರೀ, ‘ಬಾರ್ಗೇನ್’, ‘ಟೈರ್ಡ್’, ‘ಶೇಡ್’, ‘ಎನಫ್’. ಮೀಟಿಂಗಿನಲ್ಲಿ ತಲೆ ಅಲ್ಲಾಡಿಸಿ ಬಂದವರು ಎದ್ದು ನಿಂತು ‘ಶಿ ಈಸ್ ಆಂಗ್ರಿ, ಬಿಕಾಸ್ ಪ್ರೈಸ್’ ಎಂದು ವಾಕ್ಯವನ್ನೇ ಹೇಳಿದರು. ‘ಬಿಕಾಸ್ ಆಫ್ ದ ಪ್ರೈಸ್’ ಎಂದು ಪಕ್ಕದವರು ಊದಿಕೊಟ್ಟರು.

ಅಜ್ಜಿ ಇದನ್ನು ನ್ಯೂಜೆರ್ಸಿಗೂ ದಾಟಿಸಿದರು. ಭಾನುವಾರ ಮೊಬೈಲಿನ ಮುಂದೆ ಅಡಿಗೆಮನೆಯ ಒಂದೊಂದು ಸಾಮಾನು ಹಿಡಿಯುವುದು, ಇಬ್ಬರೂ ಹೆಸರು ಬರೆಯುವುದು. ‘ಸ್ಪೂನ್’ ನಿಷೇಧವಾಗಿದ್ದರಿಂದ ಹುಡುಗ ಅವರಮ್ಮನನ್ನು ಕೇಳಿಕೊಂಡು ಬಂದು ‘ಲೇಡಲ್’ ಎಂದನಂತೆ. ಅಜ್ಜಿ ತಾವೇನು ಕಡಿಮೆ ಎಂದು ಅವನಿಗೆ ‘ಸೌಟು’ ಹೇಳಿಕೊಟ್ಟರು. ನಾಲ್ಕು ಭಾನುವಾರ ನಡೆಯಿತು. ಆಮೇಲೆ ಅವನಿಗೆ ಬೇಸ್‌ಬಾಲ್ ಶುರುವಾಯಿತಂತೆ.

ನಮ್ಮಲ್ಲಿ ಇನ್ನೂ ನಡೆದಿದೆ. ಮೊನ್ನೆ ಅದೇ ಸಂತೆಯ ಫೋಟೋಗೆ ಇಬ್ಬರೂ ‘ವೇಟ್’ ಎಂದು ಬರೆದಿದ್ದರು. ಅಂಕ ಕೊಡುವ ಮೊದಲು ಏನನ್ನು ನೋಡಿ ಬರೆದಿರಿ ಎಂದು ಕೇಳಿದೆ. ಒಬ್ಬರು ತಕ್ಕಡಿಯ ತೂಕದ ಕಲ್ಲು ತೋರಿಸಿದರು. ಬ್ಯಾಂಕಿನ ಗೆಳತಿ ಮೂಲೆಯಲ್ಲಿ ಚೀಲ ಹಿಡಿದು ನಿಂತ ಹೆಂಗಸನ್ನು ತೋರಿಸಿ, ‘ಇವಳು ಕಾಯ್ತಾ ಇದಾಳೆ’ ಎಂದರು. ಇಂಗ್ಲಿಷಿನಲ್ಲಿ ಎರಡರ ಕಾಗುಣಿತ ಬೇರೆ, ಅರ್ಥ ಬೇರೆ. ಕಿವಿಗೆ ಮಾತ್ರ ಒಂದೇ. ಅಂಕ ಉಂಟೋ ಇಲ್ಲವೋ ಎಂದು ಅರ್ಧ ಗಂಟೆ ವಾದವಾಯಿತು, ಅದರಲ್ಲಿ ಸುಮಾರು ಪಾಲು ಇಂಗ್ಲಿಷಿನಲ್ಲೇ ಆಯಿತು. ಕೊನೆಗೆ ಅಂಕವನ್ನು ಅರ್ಧರ್ಧ ಹಂಚಿ, ಹಲಗೆಯ ಮೇಲೆ ಎರಡನ್ನೂ ಬೇರೆ ಬೇರೆಯಾಗಿ ಬರೆದು ನಿಷೇಧಿಸಿದೆವು.